ಮಿಯಾಮಿಯಿಂದ ಮೂರು ರಾತ್ರಿಯ ಬಹಾಮಾಸ್ ಕ್ರೂಸ್: ಹಡಗು ಪರವಾಗಿಲ್ಲ, ನಸ್ಸೌ ಚೆನ್ನಾಗಿದೆ

ಶುಕ್ರವಾರ ಸಂಜೆ ಹಡಗು ಅಮೆರಿಕದ ಮಿಯಾಮಿಯಿಂದ ಹೊರಡುತ್ತದೆ. ಶನಿವಾರ ಬಹಾಮಾಸ್‌ನ ರಾಜಧಾನಿ ನಸ್ಸೌನಲ್ಲಿ ನಿಲ್ಲುತ್ತದೆ. ಭಾನುವಾರ ಪೂರ್ತಿ ಸಮುದ್ರ, ಸೋಮವಾರ ಬೆಳಿಗ್ಗೆ ಮತ್ತೆ ಮಿಯಾಮಿ. ಇಷ್ಟೇ ಈ ಕ್ರೂಸ್. ಈ ದಾರಿಯಲ್ಲಿ ಓಡುವ ದೊಡ್ಡ ಕಂಪನಿಗಳೆಲ್ಲ ಹೆಚ್ಚುಕಡಿಮೆ ಇದೇ ಸರಕು ಮಾರುತ್ತವೆ, ಹಾಗಾಗಿ ನಾವು ಹೋದ ಕಂಪನಿಯ ಹೆಸರು ಹಾಕುತ್ತಿಲ್ಲ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕೊಟ್ಟ ದುಡ್ಡಿಗೆ ಹಡಗು ಸುಮಾರಾಗಿತ್ತು, ನಸ್ಸೌನಲ್ಲಿ ಕಳೆದ ಹೊತ್ತು ಮಾತ್ರ ನಿಜಕ್ಕೂ ಸಾರ್ಥಕ. ಜಾಹೀರಾತು ನೋಡಿದರೆ ಇದರ ಉಲ್ಟಾ ಅನ್ನಿಸುತ್ತದೆ. ಅದರಲ್ಲಿ ಬರೀ ನೀರಿನ ಜಾರುಬಂಡೆ, ಶೋ, ಬಫೆ. ಊರಿನ ಬಗ್ಗೆ ಎರಡು ಸಾಲೂ ಇರುವುದಿಲ್ಲ.

ಅಂದಹಾಗೆ ಈ ಪುಟ್ಟ ಕ್ರೂಸ್‌ಗಳೆಲ್ಲ ಯಾಕೆ ನಸ್ಸೌಗೇ ಹೋಗುತ್ತವೆ ಗೊತ್ತಾ? ಹತ್ತಿರ ಅನ್ನುವುದು ಒಂದು ಕಾರಣ, ರಾತ್ರಿ ಮೆಲ್ಲಗೆ ಹೊರಟರೂ ಬೆಳಗಾಗುವಷ್ಟರಲ್ಲಿ ತಲುಪಬಹುದು. ಇನ್ನೊಂದು ಕಾರಣ ಕಾನೂನು. ವಿದೇಶಿ ಬಾವುಟದ ಹಡಗುಗಳು ಅಮೆರಿಕದ ಬಂದರುಗಳ ನಡುವೆ ಜನರನ್ನು ಸಾಗಿಸಬಾರದು ಅಂತ ಅಲ್ಲಿ 1886ರ ಕಾಯ್ದೆಯೊಂದಿದೆ. ದೊಡ್ಡ ಕ್ರೂಸ್ ಹಡಗುಗಳ ಮಾಲೀಕರ ಕಚೇರಿ ಮಿಯಾಮಿಯಲ್ಲೇ ಇದ್ದರೂ ಹಡಗು ಮಾತ್ರ ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ ಹೀಗೆ ಎಲ್ಲೋ ನೋಂದಣಿ ಆಗಿರುತ್ತದೆ, ಆದ್ದರಿಂದ ದಾರಿಯಲ್ಲಿ ಒಂದು ವಿದೇಶಿ ಬಂದರನ್ನು ಸೇರಿಸಿಕೊಂಡರೆ ಅವರಿಗೆ ತಲೆನೋವಿಲ್ಲ. ನಮ್ಮ ಹಡಗಿನ ಹಿಂಭಾಗದಲ್ಲಿ ಹೆಸರಿನ ಕೆಳಗೆ ದೊಡ್ಡಕ್ಷರದಲ್ಲಿ ನಸ್ಸೌ ಅಂತಲೇ ಬರೆದಿತ್ತು. ಕಾಗದದ ಮೇಲೆ ಅದರ ತವರು ಅದೇ ಊರು. ಆದರೂ ಹಡಗಿನಲ್ಲಿ ಆ ಊರಿಗೆ ಸಿಗುವ ಮರ್ಯಾದೆ ನೋಡಬೇಕು! ಟಿವಿಯಲ್ಲಿ ಬಂದರಿನ ಬಗ್ಗೆ ಒಂದು ಕಾರ್ಯಕ್ರಮ ಹಾಕಿದ್ದರು, ಅದರಲ್ಲಿ ವಜ್ರದ ಅಂಗಡಿ ಮತ್ತು ಕೈಗಡಿಯಾರದ ಅಂಗಡಿ ಬಿಟ್ಟರೆ ಬೇರೇನೂ ಇರಲಿಲ್ಲ.

ದುಡ್ಡಿನ ವಿಷಯ. ವೆಬ್‌ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ಬೆಲೆ ಆರಂಭ ಅಷ್ಟೇ. ಅದು ಕೂಡ ಒಬ್ಬರದ್ದು, ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇರುತ್ತಾರೆ ಅಂತ ಹಿಡಿದು ಹಾಕಿದ ಲೆಕ್ಕ. ಒಬ್ಬರೇ ಹೋದರೆ ಸಾಮಾನ್ಯವಾಗಿ ಇಬ್ಬರ ದುಡ್ಡು ಹತ್ತಿರ ಹತ್ತಿರ ಕೊಡಬೇಕು. ಅದರ ಮೇಲೆ ಬಂದರು ಶುಲ್ಕ ಮತ್ತು ತೆರಿಗೆ. ಅದರ ಮೇಲೆ ದಿನಕ್ಕೆ ತಲೆಗೆ ಸುಮಾರು 16ರಿಂದ 20 ಡಾಲರ್ ಟಿಪ್ಸ್, ಅದು ತಾನಾಗಿಯೇ ಖಾತೆಗೆ ಬೀಳುತ್ತದೆ, ಮಕ್ಕಳಿಗೂ ಬೀಳುತ್ತದೆ. ಕ್ಯಾಬಿನ್ ಕ್ಲೀನ್ ಮಾಡುವವರು, ಬಡಿಸುವವರು ಎಷ್ಟು ದುಡಿಯುತ್ತಾರೆ ಅಂತ ಕಣ್ಣಾರೆ ನೋಡಿದ ಮೇಲೆ ನನಗೆ ಟಿಪ್ಸ್ ಬಗ್ಗೆ ತಕರಾರಿಲ್ಲ. ಆದರೆ ಅದನ್ನು ಟಿಕೆಟ್ ಬೆಲೆಯಲ್ಲೇ ಸೇರಿಸಿ ಹೇಳಬಹುದಲ್ವಾ? ವೈಫೈಗೆ ಬೇರೆ ದುಡ್ಡು. ಸೋಡಾ, ಬಿಯರ್, ಒಳ್ಳೆ ಕಾಫಿ ಎಲ್ಲಕ್ಕೂ ಬೇರೆ, ಬಾರ್ ಬಿಲ್ಲಿನ ಮೇಲೆ ಮತ್ತೆ ಶೇ 18ಕ್ಕೂ ಮೇಲ್ಪಟ್ಟು ಸರ್ವೀಸ್ ಚಾರ್ಜ್. ನೀರು, ಬಫೆಯ ಮಾಮೂಲಿ ಕಾಫಿ, ಟೀ, ನಿಂಬೆ ಪಾನಕ ಪುಕ್ಕಟೆ. ಕುಡಿಯುವ ಅಭ್ಯಾಸ ಇಲ್ಲದವರಿಗೆ ಇದು ಲಾಭದ ಪ್ರವಾಸ, ಇರುವವರು ಟಿಕೆಟ್ ದುಡ್ಡಿನಷ್ಟೇ ಇನ್ನೊಮ್ಮೆ ಎತ್ತಿಟ್ಟುಕೊಂಡು ಹತ್ತುವುದು ಒಳ್ಳೆಯದು.

ಹಡಗು ಹತ್ತುವುದು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಫೋನಿನಲ್ಲೇ ಚೆಕ್ ಇನ್, ಪಾಸ್‌ಪೋರ್ಟ್ ನೋಡಿ ಒಳಗೆ ಬಿಟ್ಟರು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಮಾತು: ನೀವು ಅಮೆರಿಕ ಬಿಟ್ಟು ಮತ್ತೆ ಒಳಗೆ ಬರುತ್ತಿದ್ದೀರಿ ಅನ್ನುವುದು ನೆನಪಿರಲಿ, ವೀಸಾ ಅದಕ್ಕೆ ತಕ್ಕ ಹಾಗೆ ಇದೆಯಾ ಅಂತ ಟಿಕೆಟ್ ಕೊಳ್ಳುವ ಮುಂಚೆಯೇ ನೋಡಿ. ದೊಡ್ಡ ಸೂಟ್‌ಕೇಸ್ ಕೆಳಗೆ ಕೊಟ್ಟುಬಿಟ್ಟರೆ ಅದು ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ, ಹಾಗಾಗಿ ಈಜುವ ಬಟ್ಟೆ, ಮಾತ್ರೆ, ಚಾರ್ಜರ್ ಕೈಚೀಲದಲ್ಲಿ ಇಟ್ಟುಕೊಳ್ಳಿ. ಹತ್ತಿದ ಕೂಡಲೇ ಸುರಕ್ಷತಾ ಡ್ರಿಲ್. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಆ ಹಡಗಿಗೆ ಅದೇ ದಿನ ಹತ್ತಿದ್ದ ಎಷ್ಟೋ ಜನರಿಗೆ ಡ್ರಿಲ್ಲೇ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಗಿ, ಈಗ ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಇದು ಆಗಲೇಬೇಕು. ಫೋನಿನಲ್ಲಿ ವೀಡಿಯೊ ನೋಡಿ, ಅಪಾಯದ ಹೊತ್ತಿನಲ್ಲಿ ನಾವು ಸೇರಬೇಕಾದ ಜಾಗಕ್ಕೆ ಹೋಗಿ ಮುಖ ತೋರಿಸಿ ಬಂದರೆ ಮುಗಿಯಿತು.

ಕ್ಯಾಬಿನ್ ಕಿಟಕಿ ಇಲ್ಲದ್ದು, ಎಲ್ಲಕ್ಕಿಂತ ಅಗ್ಗದ್ದು. ದೀಪ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಮೂರು ರಾತ್ರಿಗೆ ಬಾಲ್ಕನಿಗೆ ಅಂತ ಜಾಸ್ತಿ ದುಡ್ಡು ಸುರಿಯುವುದು ನನ್ನ ಪ್ರಕಾರ ಬೇಕಾಗಿಲ್ಲ, ಮಲಗುವುದಕ್ಕೆ ಬಿಟ್ಟರೆ ಅಲ್ಲಿ ಯಾರಿರುತ್ತಾರೆ? ಅದರ ಬದಲು ಕ್ಯಾಬಿನ್ ಎಲ್ಲಿದೆ ಅಂತ ನೋಡಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಓಲಾಟ ಕಡಿಮೆ. ಫ್ಲೋರಿಡಾಕ್ಕೂ ಬಹಾಮಾಸ್‌ಗೂ ನಡುವೆ ಗಲ್ಫ್ ಸ್ಟ್ರೀಮ್ ಅನ್ನುವ ಬಿಸಿನೀರಿನ ಪ್ರವಾಹ ಉತ್ತರದ ಕಡೆ ಹರಿಯುತ್ತದೆ. ಚಳಿಗಾಲದಲ್ಲಿ ಉತ್ತರದಿಂದ ಗಾಳಿ ಬೀಸಿದರೆ ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ ಆಗಿ ಅಲೆಗಳು ಕಡಿದಾಗಿ ಏಳುತ್ತವೆ. ದೊಡ್ಡ ಹಡಗಿಗೆ ಅಪಾಯವೇನಿಲ್ಲ, ಪಕ್ಕಗಳಲ್ಲಿ ರೆಕ್ಕೆಯಂಥ ಸ್ಟೆಬಿಲೈಸರ್‌ಗಳೂ ಇರುತ್ತವೆ. ಹೊಟ್ಟೆಗೆ ಮಾತ್ರ ಅದೆಲ್ಲ ಅರ್ಥವಾಗುವುದಿಲ್ಲ. ವಾಂತಿ ಬರುವವರು ಮಾತ್ರೆಯನ್ನು ಹೊರಡುವ ಮುಂಚೆಯೇ ನುಂಗಿ, ತಲೆ ತಿರುಗಲು ಶುರುವಾದ ಮೇಲೆ ನುಂಗಿ ಪ್ರಯೋಜನ ಕಡಿಮೆ.

ಊಟಕ್ಕೆ ಪಾಸ್ ಮಾರ್ಕು. ಬಫೆಯಲ್ಲಿ ಬಗೆ ಬಹಳ, ರುಚಿ ಒಂದೇ. ಆದರೆ ಕುಳಿತು ಊಟ ಮಾಡುವ ಡೈನಿಂಗ್ ರೂಮಿನಲ್ಲಿ ಮೊದಲ ರಾತ್ರಿಯೇ ಕೇಳಿ ಇಟ್ಟಿದ್ದಕ್ಕೆ ಮರುದಿನದಿಂದ ಅನ್ನ, ದಾಲ್, ಒಂದು ಪಲ್ಯ ಮಾಡಿಕೊಟ್ಟರು, ಮೆನುವಿನಲ್ಲಿದ್ದ ಎಲ್ಲಕ್ಕಿಂತ ಅದೇ ಚೆನ್ನಾಗಿತ್ತು. ಶೋ ಒಂದಕ್ಕೆ ಹೋದೆವು. ಗಲಾಟೆ ಜಾಸ್ತಿ.

ಈಗ ನಸ್ಸೌ.

ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಹಡಗು ಬಂದರಿನ ಕಟ್ಟೆಗೆ ತಾಗಿ ನಿಂತಿತ್ತು, ಪಕ್ಕದಲ್ಲಿ ಇನ್ನೂ ದೊಡ್ಡ ದೊಡ್ಡ ಹಡಗುಗಳು. ಇಲ್ಲಿ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗುವ ರಗಳೆ ಇಲ್ಲ, ನೇರ ಇಳಿದು ನಡೆಯುವುದೇ. ಸುಮಾರು 30 ಕೋಟಿ ಡಾಲರ್ ಹಾಕಿ ಹೊಸದಾಗಿ ಕಟ್ಟಿದ ಬಂದರು 2023ರಲ್ಲಿ ಶುರುವಾಗಿದೆ, ಚೊಕ್ಕಟವಾಗಿದೆ. ಮಿಯಾಮಿ ಟೈಮೂ ಇಲ್ಲಿನ ಟೈಮೂ ಒಂದೇ ಆದ್ದರಿಂದ ಗಡಿಯಾರದ ಗೊಂದಲವೂ ಇಲ್ಲ. ಗೇಟು ದಾಟಿದ ಕೂಡಲೇ ಟ್ಯಾಕ್ಸಿಯವರು, ಟೂರ್ ಮಾರುವವರು, ಕೂದಲಿಗೆ ಜಡೆ ಹೆಣೆದುಕೊಡುವ ಹೆಂಗಸರು ಸುತ್ತಿಕೊಳ್ಳುತ್ತಾರೆ. ನಗುತ್ತಾ ಬೇಡ ಅಂದರೆ ಅವರೂ ನಗುತ್ತಾ ಬಿಡುತ್ತಾರೆ. ಇದೇ ಕಾರಣಕ್ಕೆ ನಸ್ಸೌ ಚೆನ್ನಾಗಿಲ್ಲ ಅಂತ ಬರೆಯುವವರನ್ನು ನೋಡಿದ್ದೇನೆ. ಅವರು ಗೇಟಿನಿಂದ ಮುಂದೆ ಎರಡು ಬೀದಿಯೂ ನಡೆದಿರಲಿಕ್ಕಿಲ್ಲ.

ಹಡಗಿನವರು ಮಾರುವ ಸಿಟಿ ಟೂರ್ ಕೊಳ್ಳಬೇಡಿ. ಅದರಲ್ಲಿ ತೋರಿಸುವ ಮುಖ್ಯ ಜಾಗಗಳೆಲ್ಲ ಬಂದರಿನಿಂದ ಕಾಲ್ನಡಿಗೆಯ ದೂರ. ವಯಸ್ಸಾದವರು, ಮಂಡಿನೋವಿನವರು ಇದ್ದರೆ ಬೇರೆ ಮಾತು, ಆಗಲೂ ಹೊರಗಿನ ಟ್ಯಾಕ್ಸಿಯವರ ಜೊತೆ ಮೊದಲೇ ದುಡ್ಡು ಮಾತಾಡಿಕೊಂಡು ಹೋಗಬಹುದು. ರಸ್ತೆ ದಾಟುವಾಗ ಹುಷಾರು. ಬಹಾಮಾಸ್ ಬ್ರಿಟಿಷರ ಕೈಯಲ್ಲಿದ್ದ ದೇಶ, ಸ್ವತಂತ್ರವಾಗಿದ್ದು 1973ರಲ್ಲಿ, ಹಾಗಾಗಿ ಗಾಡಿಗಳು ಎಡಗಡೆ ಓಡುತ್ತವೆ. ಆದರೆ ಅಮೆರಿಕದಿಂದ ತಂದ ಕಾರುಗಳೇ ಬಹಳ, ಸ್ಟೀರಿಂಗೂ ಎಡಗಡೆಯೇ! ಡ್ರೈವರ್ ಎಲ್ಲಿ ಕೂತಿದ್ದಾನೆ ಅಂತ ನೋಡಿ ಅಂದಾಜು ಮಾಡಿದರೆ ಕೆಟ್ಟಿರಿ.

ಬೇ ಸ್ಟ್ರೀಟ್ ದಾಟಿದರೆ ಗುಲಾಬಿ ಬಣ್ಣದ ಪಾರ್ಲಿಮೆಂಟ್ ಕಟ್ಟಡಗಳು, ಮುಂದೆ ಕುಳಿತ ವಿಕ್ಟೋರಿಯಾ ರಾಣಿಯ ಪ್ರತಿಮೆ. ಅದರ ಹಿಂದೆ ಎಂಟು ಮೂಲೆಯ ಒಂದು ಕಟ್ಟಡ. 18ನೇ ಶತಮಾನದ ಕೊನೆಗೆ ಜೈಲು ಅಂತ ಕಟ್ಟಿದ್ದು, 1873ರಿಂದ ಲೈಬ್ರರಿ. ಕೈದಿಗಳಿದ್ದ ಕೋಣೆಗಳಲ್ಲಿ ಈಗ ಪುಸ್ತಕದ ಕಪಾಟುಗಳಿವೆ. ಅಲ್ಲಿಂದ ದಿಬ್ಬ ಹತ್ತುತ್ತಾ ಹೋದರೆ ಕ್ವೀನ್ಸ್ ಸ್ಟೇರ್‌ಕೇಸ್ ಸಿಗುತ್ತದೆ. ಈ ಇಡೀ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಜಾಗ ಇದು. ಮೆಟ್ಟಿಲು ಕಟ್ಟಿದ್ದಲ್ಲ, ಸುಣ್ಣಕಲ್ಲಿನ ಗುಡ್ಡವನ್ನೇ ಸೀಳಿ ಕಡಿದದ್ದು. 1793–94ರಲ್ಲಿ ಸುಮಾರು 600 ಗುಲಾಮರು ಕೈ ಸಲಕರಣೆಗಳಿಂದಲೇ ಕಡಿದರು. ಮೇಲಿನ ಕೋಟೆಯಿಂದ ಊರಿಗೆ ಬೇಗ ಇಳಿಯಲು ಒಂದು ದಾರಿ ಬೇಕಿತ್ತು, ಅಷ್ಟಕ್ಕೆ ಇಷ್ಟು ಜನರ ಬೆವರು. ಇದ್ದದ್ದು 66 ಮೆಟ್ಟಿಲು, ಕೆಳಗಿನದೊಂದು ಈಗ ನೆಲದಡಿ ಹೋಗಿ 65 ಕಾಣುತ್ತವೆ. ರಾಣಿಯ ಹೆಸರು ಬಂದದ್ದು ಆಮೇಲೆ. ಎರಡೂ ಕಡೆ ಗೋಡೆಯಂತೆ ಕಲ್ಲು, ಮೇಲಿಂದ ಇಳಿಬಿದ್ದ ಗಿಡಬಳ್ಳಿ, ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಅಲ್ಲೇ ನಿಂತಿರುವ ಸ್ಥಳೀಯರು ಕಥೆ ಹೇಳುತ್ತಾರೆ, ಕೊನೆಗೆ ಕೈಯಲ್ಲಿ ಏನಾದರೂ ಇಡಬೇಕು. ನಮಗೆ ಹೇಳಿದ ಹಿರಿಯರು ಚೆನ್ನಾಗಿ ಹೇಳಿದರು, ಹಡಗಿನ ಯಾವ ಶೋಗಿಂತಲೂ ಚೆನ್ನಾಗಿ. ಬೆಳಿಗ್ಗೆ ಬೇಗ ಹೋಗಿ, ಹತ್ತರ ಮೇಲೆ ಟೂರ್ ವ್ಯಾನುಗಳು ಸಾಲಾಗಿ ಬಂದು ನಿಲ್ಲುತ್ತವೆ.

ಮೇಲೆ ಫಿನ್‌ಕಾಸಲ್ ಕೋಟೆ. 1793ರಲ್ಲಿ ಗವರ್ನರ್ ಲಾರ್ಡ್ ಡನ್‌ಮೋರ್ ಕಟ್ಟಿಸಿದ್ದು, ಹಡಗಿನ ಮೂತಿಯ ಆಕಾರ. ಕೋಟೆ ಅಂತ ಬಹಳ ನಿರೀಕ್ಷೆ ಬೇಡ, ನಾಲ್ಕಾರು ಫಿರಂಗಿ ಬಿಟ್ಟರೆ ಒಳಗೆ ಹೆಚ್ಚೇನಿಲ್ಲ. ಅಲ್ಲಿಂದ ಬಂದರಿನ ಕಡೆ ನೋಡಿದರೆ ಮಾತ್ರ ತಮಾಷೆಯಾಗಿದೆ. ಊರಿನ ಮನೆಗಳಿಗಿಂತ ನಮ್ಮ ಹಡಗುಗಳೇ ಎತ್ತರ, ಇಡೀ ಊರೇ ಹಡಗುಗಳಿಗೆ ಮೆಟ್ಟಿಲಾದ ಹಾಗೆ ಕಾಣುತ್ತದೆ.

ಇಳಿದು ಬರುವಾಗ ಬೇ ಸ್ಟ್ರೀಟಿನ ವೆಂಡ್ಯೂ ಹೌಸ್‌ಗೆ ತಪ್ಪದೆ ಹೋಗಿ. ಹಿಂದೆ ಗುಲಾಮರನ್ನು ಹರಾಜು ಹಾಕುತ್ತಿದ್ದ ಜಾಗ, ಈಗ ಪಾಂಪಿ ಮ್ಯೂಸಿಯಂ. 1830ರಲ್ಲಿ ಎಕ್ಸುಮಾ ದ್ವೀಪದಲ್ಲಿ ದಂಗೆ ಎದ್ದ ಗುಲಾಮನೊಬ್ಬನ ಹೆಸರು ಅದು. ಚಿಕ್ಕ ಮ್ಯೂಸಿಯಂ, ಹೆಚ್ಚು ಹೊತ್ತು ಬೇಡ. ಮೆಟ್ಟಿಲು ಹತ್ತಿಳಿದು ಬಂದ ಮೇಲೆ ಇಲ್ಲಿ ನಿಂತರೆ, ಅದನ್ನು ಕಡಿದವರು ಯಾರು, ಎಲ್ಲಿಂದ ಬಂದರು ಅನ್ನುವುದು ತಟ್ಟುತ್ತದೆ. ಹಡಗಿನವರು ಕೊಟ್ಟ ಊರಿನ ನಕ್ಷೆಯಲ್ಲಿ ಇದರ ಹೆಸರೇ ಇರಲಿಲ್ಲ, ಆಭರಣದ ಅಂಗಡಿಗಳು ಮಾತ್ರ ನಂಬರ್ ಸಮೇತ ಇದ್ದವು.

ಹೆಣೆದ ಸಾಮಾನಿಗೆ ಹೆಸರಾದ ಸ್ಟ್ರಾ ಮಾರ್ಕೆಟ್ ಬಗ್ಗೆ ನನಗೆ ಅಷ್ಟೊಂದು ಉತ್ಸಾಹ ಇಲ್ಲ. ಹಳೆಯದು 2001ರಲ್ಲಿ ಸುಟ್ಟುಹೋಗಿ ಈಗಿನ ಕಟ್ಟಡ 2011ರಲ್ಲಿ ತೆರೆದದ್ದು. ಹೊರದೇಶದಿಂದ ತಂದ ಟಿ ಶರ್ಟು, ಕೀ ಚೈನು ರಾಶಿ ರಾಶಿ. ತಾಳೆಗರಿಯ ಚೀಲ, ಟೋಪಿ ಬೇಕಿದ್ದರೆ ಅಲ್ಲೇ ಕೂತು ಹೆಣೆಯುತ್ತಿರುವ ಅಜ್ಜಿಯರ ಹತ್ತಿರ ಕೊಳ್ಳಿ. ಚೌಕಾಸಿ ನಡೆಯುತ್ತದೆ, ಆದರೆ ಆ ಅಜ್ಜಿಯರ ಹತ್ತಿರ ಜಾಸ್ತಿ ಎಳೆಯಬೇಡಿ. ಅಮೆರಿಕದ ಡಾಲರ್ ಎಲ್ಲ ಕಡೆ ನಡೆಯುತ್ತದೆ, ಬಹಾಮಾಸ್ ಡಾಲರೂ ಅದೂ ಸರಿಸಮ. ಚಿಲ್ಲರೆ ಮಾತ್ರ ಅಲ್ಲಿನದೇ ಸಿಗಬಹುದು, ಅದನ್ನು ಅಲ್ಲೇ ಖರ್ಚು ಮಾಡಿ ಬನ್ನಿ. ಅವರಲ್ಲಿ ಮೂರು ಡಾಲರಿನ ನೋಟೂ ಇದೆ, ಸಿಕ್ಕರೆ ಅದೊಂದು ಇಟ್ಟುಕೊಳ್ಳಿ.

ಬೀಚ್ ಬೇಕಿದ್ದರೆ ಬಂದರಿನಿಂದ ಪಶ್ಚಿಮಕ್ಕೆ ನಡೆದರೆ ಜಂಕಾನೂ ಬೀಚ್, ಪುಕ್ಕಟೆ. ಜನ, ಹಾಡು, ಗಲಾಟೆ ಎಲ್ಲ ಇದೆ, ನೀರು ಮಾತ್ರ ಆ ಫೋಟೊಗಳಲ್ಲಿ ಕಾಣುವ ಬಣ್ಣದ್ದೇ. ಇನ್ನೂ ಮುಂದೆ ಅರವಾಕ್ ಕೇ ಅನ್ನುವಲ್ಲಿ ಬಣ್ಣಬಣ್ಣದ ಊಟದ ಗೂಡಂಗಡಿಗಳಿವೆ. ಅಲ್ಲಿನ ವಿಶೇಷ ಕಾಂಕ್ ಸಲಾಡ್, ಅಂದರೆ ದೊಡ್ಡ ಶಂಖದ ಹುಳುವಿನ ಹಸಿ ಮಾಂಸವನ್ನು ಕಣ್ಣೆದುರೇ ಕೊಚ್ಚಿ ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ, ನಿಂಬೆರಸ ಹಿಂಡಿ ಕೊಡುತ್ತಾರೆ. ನಾನು ತಿನ್ನಲಿಲ್ಲ, ತಿಂದ ಗೆಳೆಯ ಇನ್ನೊಂದು ಬಟ್ಟಲು ತೆಗೆದುಕೊಂಡ. ಸೇತುವೆಯ ಆಚೆ ಪ್ಯಾರಡೈಸ್ ದ್ವೀಪದಲ್ಲಿ ಅಟ್ಲಾಂಟಿಸ್ ರೆಸಾರ್ಟ್ ಇದೆ, ಅದರ ವಾಟರ್ ಪಾರ್ಕಿಗೆ ಒಬ್ಬರ ಡೇ ಪಾಸ್ ನೂರು ಡಾಲರ್ ದಾಟುತ್ತದೆ. ಮಕ್ಕಳಿದ್ದರೆ ಹೋಗಿ, ಇಲ್ಲದಿದ್ದರೆ ಸುಮ್ನೆ.

ವಾಪಸ್ ಹತ್ತುವ ಟೈಮ್ ಸಾಮಾನ್ಯವಾಗಿ ಹಡಗು ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ. ಅದು ತಮಾಷೆಯ ಮಾತಲ್ಲ, ನಿಮ್ಮಷ್ಟಕ್ಕೆ ನೀವು ಸುತ್ತಲು ಹೋಗಿ ತಡ ಮಾಡಿದರೆ ಹಡಗು ಕಾಯುವುದಿಲ್ಲ. ಹಡಗಿನ ಕಾರ್ಡ್ ಜೊತೆ ಫೋಟೊ ಇರುವ ಐಡಿ ಕೂಡ ಕೈಯಲ್ಲಿರಲಿ, ಗೇಟಿನಲ್ಲಿ ಕೇಳುತ್ತಾರೆ. ಹಡಗು ಹೊರಟ ಮೇಲೆ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಹಡಗಿನದೇ ಮೊಬೈಲ್ ನೆಟ್‌ವರ್ಕ್ ಹಿಡಿದುಕೊಂಡರೆ ರೋಮಿಂಗ್ ಬಿಲ್ ನೋಡಿ ಅಳಬೇಕಾಗುತ್ತದೆ.

ಭಾನುವಾರದ ಸಮುದ್ರದ ದಿನ ನನಗೆ ಬೇಜಾರಾಯಿತು. ಎಲ್ಲರೂ ಹಡಗಿನಲ್ಲೇ ಇರುತ್ತಾರೆ, ಈಜುಕೊಳದಲ್ಲಿ ನೀರಿಗಿಂತ ಜನ ಜಾಸ್ತಿ, ಬೆಳಿಗ್ಗೆ ಎದ್ದು ಬರುವಷ್ಟರಲ್ಲಿ ಕುರ್ಚಿಗಳ ಮೇಲೆಲ್ಲ ಟವೆಲ್ ಹಾಸಿ ಜಾಗ ಹಿಡಿದಿರುತ್ತಾರೆ. ಆ ಟವೆಲ್‌ಗಳನ್ನು ಸಿಬ್ಬಂದಿ ತೆಗೆಯುತ್ತಾರೆ ಅಂತ ಬೋರ್ಡು ಇತ್ತು, ತೆಗೆದದ್ದು ನಾನಂತೂ ನೋಡಲಿಲ್ಲ. ಈಜುವ ಆಸೆ ಇದ್ದರೆ ಶನಿವಾರ ಮಧ್ಯಾಹ್ನ, ಅರ್ಧ ಜನ ಊರಲ್ಲಿರುವಾಗ, ಬೇಗ ಬಂದು ಈಜಿ. ನಾವು ಹಾಗೇ ಮಾಡಿದೆವು, ಕೊಳ ಹೆಚ್ಚುಕಡಿಮೆ ನಮ್ಮದೇ. ಆ ಹೊತ್ತಿಗೆ ಕ್ಯಾಸಿನೊ, ಡ್ಯೂಟಿ ಫ್ರೀ ಅಂಗಡಿಗಳು ಮುಚ್ಚಿದ್ದವು, ಬಂದರಿನಲ್ಲಿ ನಿಂತಾಗ ಹಾಗೇ.

ಕೊನೆಯ ರಾತ್ರಿ ಸೂಟ್‌ಕೇಸನ್ನು ಬಾಗಿಲ ಹೊರಗೆ ಇಟ್ಟರೆ ಅವರೇ ಕೆಳಗೆ ಇಳಿಸುತ್ತಾರೆ, ನೀವೇ ಹೊತ್ತುಕೊಂಡು ಹೋಗುವುದಾದರೆ ಎಲ್ಲರಿಗಿಂತ ಮೊದಲು ಇಳಿಯಬಹುದು. ವಿಮಾನ ಇದ್ದರೆ ಮಧ್ಯಾಹ್ನದ ಮೇಲಿನದು ತೆಗೆದುಕೊಳ್ಳಿ. ಮಲಗುವ ಮುಂಚೆ ನಿಮ್ಮ ಖಾತೆಯ ಲೆಕ್ಕ ಒಮ್ಮೆ ನೋಡಿ. ನಮ್ಮದರಲ್ಲಿ ನಾವು ಮುಟ್ಟದ ನೀರಿನ ಬಾಟಲಿಗಳೂ, ತೆಗೆದುಕೊಳ್ಳದ ಒಂದು ಫೋಟೊವೂ ಇದ್ದವು. ಕೌಂಟರಿನಲ್ಲಿ ಕೇಳಿದ್ದಕ್ಕೆ ಮರುಮಾತಾಡದೆ ತೆಗೆದುಹಾಕಿದರು. ಬೆಳಿಗ್ಗೆ ಅದೇ ಕೌಂಟರಿನ ಸಾಲು ಲಿಫ್ಟಿನ ತನಕ ಇತ್ತು.