ಏರ್ ಫ್ರೈಯರ್ ಜೊತೆ ಫ್ರೀ ಕೊಡುವ ಕನ್ವರ್ಟರ್ ಪ್ಲಗ್ ಬಳಸಬೇಡಿ

ಸಣ್ಣ ಅಡುಗೆಮನೆಗೆ ಏರ್ ಫ್ರೈಯರ್ ತೆಗೆದುಕೊಳ್ಳಬೇಕು ಎಂದು ನೋಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯ ಸ್ವಿಚ್ ಬೋರ್ಡ್ ಸುಟ್ಟು ಕಪ್ಪಾಗಿದೆ. ಮೇಲಿನ ಪಿವಿಸಿ ಕಪಾಟಿನ ತಳ ಸೊಟ್ಟಗಾಗಿದೆ. ಯಾರಿಗೂ ಏನೂ ಆಗಲಿಲ್ಲ, ಅದೊಂದೇ ಸಮಾಧಾನ.

ನಾವಿರುವುದು ಮಂಗಳೂರಿನ ಬಿಜೈ ಕಡೆ, ಹಳೆಯ ಫ್ಲ್ಯಾಟ್‌ನಲ್ಲಿ. ಅತ್ತೆಗೆ ಕೊಲೆಸ್ಟ್ರಾಲ್ ಜಾಸ್ತಿ, ಆದರೆ ಮೀನು ಫ್ರೈ ಇಲ್ಲದೆ ಅವರಿಗೆ ಊಟ ಸೇರುವುದಿಲ್ಲ. ಅದಕ್ಕಾಗಿ ಪೇಟೆಯ ಒಂದು ದೊಡ್ಡ ಅಂಗಡಿಗೆ ಹೋದೆವು. ಫೋನಿನಲ್ಲಿದ್ದ ಅಡುಗೆಮನೆಯ ಫೋಟೋ ತೋರಿಸಿಯೇ ಕೇಳಿದೆ. ಈ ಕಪಾಟಿನ ಕೆಳಗೆ ಇಡಬಹುದಾ? ಪವರ್ ಪಾಯಿಂಟ್ ಇರುವುದು ಒಂದೇ, ಅದರಲ್ಲಿ ಫ್ರಿಜ್ ಉಂಟು, ಸಣ್ಣ ಪಾಯಿಂಟ್ ಸಾಕಾಗುತ್ತದಾ? ಅಲ್ಲಿನ ಹುಡುಗ "ಕಾಂಪ್ಯಾಕ್ಟ್ ಮಾಡೆಲ್ ಮೇಡಂ, ಎಲ್ಲಿ ಬೇಕಾದರೂ ಇಡಬಹುದು" ಎಂದ. ಮೆಷಿನ್‌ಗೆ ಇದ್ದದ್ದು ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್. ಅದನ್ನು ಸಣ್ಣ ಪಾಯಿಂಟ್‌ಗೆ ಕೂರಿಸುವ ಒಂದು ಕನ್ವರ್ಟರ್ ಪ್ಲಗ್ಗನ್ನು ಕೌಂಟರ್ ಡ್ರಾಯರ್‌ನಿಂದ ತೆಗೆದು ಫ್ರೀಯಾಗಿ ಕೊಟ್ಟ. "ಎಲ್ಲರೂ ಇದನ್ನೇ ಹಾಕುದು, ಏನೂ ಆಗುದಿಲ್ಲ" ಎಂದ.

ಮಳೆಗಾಲದ ಒಂದು ಸಂಜೆ ಬಂಗುಡೆಗೆ ಮಸಾಲೆ ಹಚ್ಚಿ ಒಳಗಿಟ್ಟು ಆನ್ ಮಾಡಿದ್ದೆ. ಸ್ವಲ್ಪ ಹೊತ್ತಿಗೆ ಮೀನಿನ ವಾಸನೆಯ ಜೊತೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನೋಡಿದರೆ ಕನ್ವರ್ಟರ್ ಕರಗಿ ಬೋರ್ಡಿಗೆ ಅಂಟಿಕೊಂಡಿದೆ. ಮೆಷಿನ್ ಇನ್ನೂ ಓಡುತ್ತಲೇ ಇದೆ. ಕರೆಂಟ್ ಜಾಸ್ತಿಯಾದರೆ ತಾನಾಗಿಯೇ ಬಿದ್ದು ಲೈನ್ ಆಫ್ ಮಾಡುವ ಸ್ವಿಚ್, ಅಂದರೆ ಎಂಸಿಬಿ, ಟ್ರಿಪ್ ಆಗಿಲ್ಲ. ಮೇನ್ ಸ್ವಿಚ್ ಆಫ್ ಮಾಡಿದ ಮೇಲೆಯೇ ಹತ್ತಿರ ಹೋದೆ.

ಎಂಸಿಬಿ ಯಾಕೆ ಬೀಳಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಎಲೆಕ್ಟ್ರಿಷಿಯನ್ ಬಿಡಿಸಿ ಹೇಳಿದರು. "ಅಕ್ಕ, ಎಂಸಿಬಿ ನೋಡುವುದು ಲೈನಿನಲ್ಲಿ ಕರೆಂಟ್ ಮಿತಿ ಮೀರಿತಾ, ಶಾರ್ಟ್ ಆಯ್ತಾ ಅಂತ ಮಾತ್ರ. ಪಿನ್ ಸಡಿಲ ಇದ್ದು ಅಲ್ಲೇ ಬಿಸಿ ಆದರೆ ಅದಕ್ಕೆ ಗೊತ್ತೇ ಆಗುದಿಲ್ಲ." ಅಂದರೆ ಬೆಂಕಿ ಹೊತ್ತಿಕೊಳ್ಳುವವರೆಗೂ ಎಂಸಿಬಿ ಸುಮ್ನೆ ಇರಬಹುದು. ಇದು ಎಷ್ಟು ಮನೆಗಳಲ್ಲಿ ಗೊತ್ತಿದೆ?

ಲೆಕ್ಕ ಕಷ್ಟದ್ದಲ್ಲ. ನಮ್ಮ ಮೆಷಿನ್ 1500 ವಾಟ್. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 6.5 ಆಂಪಿಯರ್. ಸಣ್ಣ ಪಾಯಿಂಟ್‌ನ ಮಿತಿಯೇ 6 ಆಂಪಿಯರ್, ಅಂದರೆ 1380 ವಾಟ್. ಮಿಕ್ಸಿಯ ಹಾಗೆ ಒಂದೆರಡು ನಿಮಿಷ ಓಡಿ ನಿಲ್ಲುವ ಸಾಮಾನಲ್ಲ ಇದು, ಒಮ್ಮೆ ಹಾಕಿದರೆ ಇಪ್ಪತ್ತು ನಿಮಿಷ ಓಡುತ್ತದೆ. ಅಗ್ಗದ ಕನ್ವರ್ಟರ್ ಒಳಗಿನ ಹಿತ್ತಾಳೆ ಪಟ್ಟಿ ತೆಳು, ದಪ್ಪ ಪಿನ್ನನ್ನು ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದರ ಮೇಲೆ ನಮ್ಮ ಊರಿನ ಉಪ್ಪು ಗಾಳಿ, ಮಳೆಗಾಲದ ತೇವ. ಪಿನ್ನಿಗೆ ಹಸಿರು ಕಿಲುಬು ಹಿಡಿದರೆ ಬಿಸಿ ಇನ್ನೂ ಜಾಸ್ತಿ. 6 ಆಂಪಿಯರ್‌ನ ಎಕ್ಸ್‌ಟೆನ್ಷನ್ ಬಾಕ್ಸ್ ಕತೆಯೂ ಇದೇ.

ಕಪಾಟಿನ ವಿಷಯಕ್ಕೆ ಬರುತ್ತೇನೆ. ಏರ್ ಫ್ರೈಯರ್‌ನ ಮೇಲ್ಭಾಗದಲ್ಲಿ ಕಾಯಿಲ್ ಇರುತ್ತದೆ, ಅದರ ಮೇಲೆ ಫ್ಯಾನ್. ಬಿಸಿಗಾಳಿ ಹಿಂದಿನ ಕಿಂಡಿಯಿಂದ ಹೊರಗೆ ಬರುತ್ತದೆ. ಹಿಂದೆ, ಎರಡು ಬದಿ, ಮೇಲೆ ಎಲ್ಲ ಕಡೆ 10 ಸೆಂಟಿಮೀಟರ್ ಜಾಗ ಬಿಡಬೇಕು ಎಂದು ನಮ್ಮ ಮೆಷಿನ್‌ನ ಪುಸ್ತಕದಲ್ಲಿ ಬರೆದಿದೆ. ಆ ಪುಸ್ತಕ ಇದ್ದದ್ದು ಸೀಲ್ ಮಾಡಿದ ಡಬ್ಬಿಯೊಳಗೆ. ಅಂಗಡಿಯಲ್ಲಿ ಒಬ್ಬರೂ ಹೇಳಲಿಲ್ಲ. ಮೇಲೆ ಅಷ್ಟು ಜಾಗ ನಮ್ಮಲ್ಲಿತ್ತು, ಆದರೂ ಕಪಾಟು ಹಾಳಾಯಿತು. ಗೋಡೆಗೆ ಬಡಿದ ಬಿಸಿಗಾಳಿ ನೇರ ಮೇಲೆ ಹೋಗುತ್ತದಲ್ವಾ? ಗೆದ್ದಲು, ತೇವದ ಕಾಟಕ್ಕೆ ಇಲ್ಲಿ ಎಷ್ಟೋ ಮನೆಗಳಲ್ಲಿ ಪಿವಿಸಿ ಕಪಾಟು ಹಾಕಿಸುತ್ತಾರೆ. ಪಿವಿಸಿ 80 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಮೆಷಿನ್ ಮೇಲೆ ಕಪಾಟೇ ಇಲ್ಲದ ಜಾಗ ಇದ್ದರೆ ಮಾತ್ರ ಕೊಳ್ಳಿ ಎನ್ನುತ್ತೇನೆ. ಡಬ್ಬಿಯ ಮೇಲಿನ ಅಳತೆ ನೋಡಿದರೆ ಸಾಲದು. ಹಿಂದಿನ ಆ 10 ಸೆಂಟಿಮೀಟರ್, ಮುಂದೆ ಬುಟ್ಟಿ ಎಳೆಯುವ ಜಾಗ, ಎಳೆದ ಬಿಸಿ ಬುಟ್ಟಿ ಇಡಲು ಇನ್ನಷ್ಟು ಗ್ರಾನೈಟ್, ಎಲ್ಲ ಸೇರಿಸಿ ಟೇಪ್ ಹಿಡಿದು ನೋಡಿ.

ಇನ್ನು ಲೀಟರ್ ಲೆಕ್ಕ. 4 ಲೀಟರ್ ಅಂದರೆ ನಾಲ್ಕು ಜನರಿಗೆ ಆಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದರು. ಲೀಟರ್ ಅನ್ನುವುದು ಪಾತ್ರೆಯ ಆಳವನ್ನೂ ಸೇರಿಸಿದ ಲೆಕ್ಕ. ಮೀನು ಒಂದರ ಮೇಲೊಂದು ಪೇರಿಸಿದರೆ ಗರಿಗರಿ ಆಗುವುದಿಲ್ಲ, ಬೇಯುತ್ತದೆ ಅಷ್ಟೇ. ನೋಡಬೇಕಾದ್ದು ಬುಟ್ಟಿಯ ತಳದ ಅಗಲ. ನಮ್ಮದರಲ್ಲಿ ದೊಡ್ಡ ಬಂಗುಡೆ ಇಡೀ ಹಾಕಿದರೆ ಬಾಲ ಮಡಚಬೇಕು. ಅಂಜಲ್ ತುಂಡು ಎರಡು ಹಿಡಿಯುತ್ತದೆ. ಗೋಳಿಬಜೆ, ಪೋಡಿಯ ಆಸೆ ಬೇಡ, ನೀರು ಹಿಟ್ಟು ಜಾಲರಿಯಿಂದ ಇಳಿದುಹೋಗುತ್ತದೆ. ಹಪ್ಪಳ ಹಗುರ, ಫ್ಯಾನ್ ಗಾಳಿಗೆ ಹಾರಿ ಕಾಯಿಲ್‌ಗೆ ತಾಗುತ್ತದೆ, ಅದು ಅಪಾಯ. ಗಾಣದ ತೆಂಗಿನೆಣ್ಣೆ ಸವರುವವರು 200 ಡಿಗ್ರಿ ಇಡಬೇಡಿ, ಆ ಎಣ್ಣೆ 175ರ ಆಸುಪಾಸಿನಲ್ಲೇ ಹೊಗೆಯಾಡುತ್ತದೆ.

ಕರಗಿದ ಕನ್ವರ್ಟರ್ ಹಿಡಿದುಕೊಂಡು ಅಂಗಡಿಗೆ ಹೋದಾಗ ಸಿಕ್ಕಿದ ಉತ್ತರ ಇವತ್ತಿಗೂ ಸಿಟ್ಟು ತರಿಸುತ್ತದೆ. ಕನ್ವರ್ಟರ್ ಬಳಸಬಾರದು ಎಂದು ಪುಸ್ತಕದಲ್ಲಿದೆ, ಹಾಗಾಗಿ ವಾರಂಟಿ ಇಲ್ಲ ಎಂದರು. ಅದನ್ನು ಕೊಟ್ಟವರು ನೀವೇ ಅಲ್ವಾ ಎಂದರೆ, ಬಿಲ್ಲಿನಲ್ಲಿ ಎಲ್ಲಿದೆ ತೋರಿಸಿ ಎಂದರು. ಫ್ರೀ ಕೊಟ್ಟದ್ದು ಬಿಲ್ಲಿನಲ್ಲಿ ಎಲ್ಲಿಂದ ಬರಬೇಕು? ಅತ್ತೆ ಅಲ್ಲೇ ನಿಂತು "ಮನೆಗೆ ಬೆಂಕಿ ಬಿದ್ದಿದ್ದರೂ ಬಿಲ್ಲು ಕೇಳುತ್ತಿದ್ದಿರಾ ಮಾರಾಯ್ರೆ?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ.

1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಂಗಡಿಯವರು ಅಲ್ಲಿಗೂ ಅದೇ ಉತ್ತರ ಕೊಟ್ಟಿದ್ದಾರೆ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಕಾಗದಪತ್ರ ಜೋಡಿಸುತ್ತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ವರ್ಷದ ಒಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಆನ್‌ಲೈನ್‌ನಲ್ಲಿ ಬೇರೆ ಊರಿನಿಂದ ತರಿಸಿದ್ದಾದರೂ ನಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಸುಟ್ಟ ಸಾಮಾನನ್ನು ಎಸೆಯಬೇಡಿ, ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಡಿಯವರು ಬಾಯಲ್ಲಿ ಹೇಳುವ ಯಾವುದೇ ಭರವಸೆಯನ್ನು ಬಿಲ್ಲಿನ ಮೇಲೆ ಬರೆಸಿ, ಇಲ್ಲವೇ ಅಲ್ಲೇ ವಾಟ್ಸಾಪ್ ಮೆಸೇಜ್ ಮಾಡಿಸಿಕೊಳ್ಳಿ.

ನಾವು ಈಗ ಅಡುಗೆಮನೆಗೆ 2.5 ಚದರ ಮಿಲಿಮೀಟರ್ ವಯರ್ ಎಳೆಸಿ ಬೇರೆಯೇ ಪವರ್ ಪಾಯಿಂಟ್ ಹಾಕಿಸಿದ್ದೇವೆ, ಅದಕ್ಕೆ ಪ್ರತ್ಯೇಕ ಎಂಸಿಬಿ. ಮೆಷಿನ್ ಕಿಟಕಿ ಹತ್ತಿರದ ತೆರೆದ ಜಾಗಕ್ಕೆ ಹೋಗಿದೆ. ಈ ಖರ್ಚನ್ನೂ ಸೇರಿಸಿ ನೋಡಿ ಕೊಳ್ಳುವುದಾ ಬೇಡವಾ ಎಂದು ತೀರ್ಮಾನ ಮಾಡಿ. ಬಾಡಿಗೆ ಮನೆಯವರು ಮಾಲೀಕರನ್ನು ಮೊದಲೇ ಕೇಳಿ.

ಕೆಟಲ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಯಾವುದಕ್ಕಾದರೂ ಇಂಥ ಕನ್ವರ್ಟರ್ ನಿಮ್ಮ ಮನೆಯಲ್ಲಿ ಈಗಲೇ ಇದ್ದರೆ, ಸ್ವಿಚ್ ಆಫ್ ಮಾಡಿ ತಣ್ಣಗಾದ ಮೇಲೆ ತೆಗೆದು ನೋಡಿ. ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಉಬ್ಬಿದ್ದರೆ ಮತ್ತೆ ಹಾಕಬೇಡಿ. ಆ ಬೋರ್ಡನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ.