ರೊಸೇತೊದ ಬೇರು ಹುಡುಕಲು ಯಾವ ದಾರಿ? ಅಂತೆನಾತಿ, ಫ್ಯಾಮಿಲಿಸರ್ಚ್, ಕೊಮೂನೆ, ಚರ್ಚು ಬಳಸಿ ನೋಡಿದ ಹೋಲಿಕೆ

ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದಲ್ಲಿ, ಫೊಜ್ಜಾ ಜಿಲ್ಲೆಯ ಬೆಟ್ಟದ ಸೀಮೆಯಲ್ಲಿ ರೊಸೇತೊ ವಲ್ಫೊರ್ತೊರೆ ಎಂಬ ಸಣ್ಣ ಊರಿದೆ. 1882ರಿಂದ ಈಚೆಗೆ ಇಲ್ಲಿನವರು ಪೆನ್ಸಿಲ್ವೇನಿಯಾಕ್ಕೆ ಹೋಗಿ, ಸ್ಲೇಟ್ ಕಲ್ಲಿನ ಕ್ವಾರಿಗಳಲ್ಲಿ ದುಡಿದು, ಅಲ್ಲೇ ಇನ್ನೊಂದು ರೊಸೇತೊ ಕಟ್ಟಿದರು. ಅವರ ಮರಿಮಕ್ಕಳು ಬೇರು ಹುಡುಕಲು ಹೊರಟರೆ ಎದುರಿಗಿರುವುದು ನಾಲ್ಕು ದಾರಿ. ನಾಲ್ಕನ್ನೂ ಬಳಸಿದ ಮೇಲೆ ನಮ್ಮ ತೀರ್ಮಾನ ಇಷ್ಟು: ಇಸವಿ ನೋಡಿ ದಾರಿ ಹಿಡಿಯಬೇಕು. 1809ರಿಂದ ಸುಮಾರು 1900ರವರೆಗೆ ಆನ್‌ಲೈನ್ ಚಿತ್ರಗಳು, ಅಲ್ಲಿಂದ ಈಚೆಗೆ ಕೊಮೂನೆ ಅಂದರೆ ಪುರಸಭೆ, 1809ಕ್ಕೂ ಹಿಂದಕ್ಕೆ ಚರ್ಚು. ಈ ಕ್ರಮ ತಪ್ಪಿದರೆ ತಿಂಗಳುಗಟ್ಟಲೆ ಕಾಲ ಹಾಳು.

1809 ಯಾಕೆ? ರೊಸೇತೊ ಆಗ ಸೇರಿದ್ದ ನೇಪಲ್ಸ್ ರಾಜ್ಯದಲ್ಲಿ ಸರ್ಕಾರಿ ಜನನ, ಮದುವೆ, ಮರಣ ನೋಂದಣಿ ಶುರುವಾದದ್ದು ಆ ವರ್ಷ, ಫ್ರೆಂಚರ ಆಳ್ವಿಕೆಯಲ್ಲಿ. ಸಿಸಿಲಿಯಲ್ಲಿ 1820. ಪೋಪರ ರಾಜ್ಯದ ಬೆಟ್ಟದೂರಾದರೆ ಲೆಕ್ಕ ಬೇರೆ: ಅಲ್ಲಿ ಹೆಚ್ಚಿನ ಕಡೆ ನೆಪೋಲಿಯನ್ ಹೋದೊಡನೆ ನೋಂದಣಿ ನಿಂತು, ಇಟಲಿಯ ಏಕೀಕರಣದ ನಂತರ 1866ರಲ್ಲಿ ಮತ್ತೆ ಶುರುವಾಯಿತು.

ಮೊದಲು ಅಂತೆನಾತಿ. ಇಟಲಿಯ ರಾಜ್ಯ ಪತ್ರಾಗಾರಗಳ ಪೋರ್ಟಲ್ ಇದು. ಉಚಿತ, ಖಾತೆಯೂ ಬೇಡ. ಊರು, ಇಸವಿ, ದಾಖಲೆಯ ಬಗೆ ಆರಿಸಿದರೆ ಪುಟಗಳ ಚಿತ್ರ ತೆರೆಯುತ್ತದೆ. ದೊಡ್ಡದು ಮಾಡಿದರೂ ಅಕ್ಷರ ಒಡೆಯುವುದಿಲ್ಲ. ಹೆಸರು ಹಾಕಿ ಹುಡುಕುವ ಸೌಲಭ್ಯ ಮಾತ್ರ ಅಲ್ಪಸ್ವಲ್ಪ ಊರುಗಳಿಗೇ ಇದೆ. ‘ಫಲಿತಾಂಶ ಇಲ್ಲ’ ಎಂದು ಬಂದರೆ ದಾಖಲೆಯೇ ಇಲ್ಲ ಎಂದುಕೊಂಡು ಕೈಬಿಡಬೇಡಿ. ಸಂಪುಟದ ಕೊನೆಗೆ ಹೋಗಿ ವಾರ್ಷಿಕ ಸೂಚಿ ನೋಡಿ, ದಾಖಲೆಯ ಕ್ರಮಸಂಖ್ಯೆ ಹಿಡಿದು ಹಿಂದಕ್ಕೆ ಬನ್ನಿ. ಕೆಲವು ಸೂಚಿಗಳು ಮನೆತನದ ಹೆಸರಿನ ಬದಲು ಸ್ವಂತ ಹೆಸರಿನ ಅಕಾರಾದಿಯಲ್ಲಿರುತ್ತವೆ, ಅದು ತಿಳಿಯದೆ ಎಷ್ಟೋ ಜನ ಬರಿಗೈಯಲ್ಲಿ ಮರಳುತ್ತಾರೆ. 1866ರ ನಂತರದ್ದಕ್ಕೆ ಹತ್ತು ವರ್ಷದ ಒಟ್ಟು ಸೂಚಿ ಸಿಕ್ಕರೆ ಅದನ್ನೇ ಮೊದಲು ತೆಗೆಯಿರಿ.

ಫ್ಯಾಮಿಲಿಸರ್ಚ್‌ನಲ್ಲಿ ಎಷ್ಟೋ ಊರುಗಳಿಗೆ ಇವೇ ಚಿತ್ರಗಳಿವೆ; ಇದು ಮಾರ್ಮನ್ ಚರ್ಚಿನವರು ನಡೆಸುವ ವಂಶಾವಳಿ ತಾಣ. ಖಾತೆ ಬೇಕು, ಹಣ ಬೇಡ. ಹೆಸರಿನ ಸೂಚಿ ಇಲ್ಲಿ ಹೆಚ್ಚು ವಿಸ್ತಾರ. ಆದರೆ ಹಳೆ ಕೈಬರಹ ಓದುವಾಗ ಆದ ತಪ್ಪು ಅದರಲ್ಲಿ ಹಾಗೇ ಉಳಿದಿರುತ್ತದೆ. ಹಲವು ವರ್ಷಗಳ ಪುಸ್ತಕ ಒಂದೇ ಫಿಲ್ಮಿನಲ್ಲಿ ಸೇರಿರುವುದರಿಂದ ನೂರಾರು ಚಿತ್ರ ದಾಟಬೇಕು. ಕೆಲವಕ್ಕೆ ಬೀಗದ ಗುರುತಿರುತ್ತದೆ: ಅವು ಮನೆಯಲ್ಲಿ ತೆರೆಯುವುದಿಲ್ಲ, ಫ್ಯಾಮಿಲಿಸರ್ಚ್ ಕೇಂದ್ರಕ್ಕೇ ಹೋಗಬೇಕು. ಎರಡರಲ್ಲೂ ಇರುವ ಊರಾದರೆ ಓದಲು ಅಂತೆನಾತಿ, ಹೆಸರು ಹುಡುಕಲು ಫ್ಯಾಮಿಲಿಸರ್ಚ್.

ಈ ಎರಡು ತಾಣಗಳಲ್ಲಿ ಯಾವುದಕ್ಕೆ ಹೋದರೂ ಬಿಡಬಾರದ ಒಂದು ಗಂಟು ಇದೆ: ಪ್ರೊಚೆಸ್ಸೆತ್ತಿ, ಅಂದರೆ ಮದುವೆಯ ಜೊತೆ ಲಗತ್ತಿಸಿದ ಕಾಗದಗಳು. ಹುಡುಕುವವರು ಜನನ ಪುಸ್ತಕವನ್ನೇ ತಿರುವುತ್ತಾ ಕೂರುತ್ತಾರೆ, ನಿಜವಾದ ನಿಧಿ ಇರುವುದು ಇಲ್ಲಿ. ಮದುವೆಗೆ ತಂದೆಯ ಒಪ್ಪಿಗೆ ಬೇಕಿತ್ತು. ತಂದೆ ತೀರಿದ್ದರೆ ಅವನ ಮರಣಪತ್ರ ಲಗತ್ತಿಸಿ ಅಜ್ಜನ ಒಪ್ಪಿಗೆ ತರಬೇಕು; ಅಜ್ಜನೂ ಇಲ್ಲದಿದ್ದರೆ ಅವನ ಮರಣಪತ್ರವೂ ಸೇರಬೇಕು. ವಿಧುರ, ವಿಧವೆಯಾದರೆ ಸತ್ತ ಸಂಗಾತಿಯದು ಕೂಡ. 1820ರಲ್ಲಿ ಮದುವೆಯಾದ, 1795ರಲ್ಲಿ ಹುಟ್ಟಿದ ವರನನ್ನು ತೆಗೆದುಕೊಳ್ಳಿ. ಅವನು ಹುಟ್ಟಿದಾಗ ಸರ್ಕಾರಿ ನೋಂದಣಿ ಇರಲಿಲ್ಲವಾದ್ದರಿಂದ ಚರ್ಚಿನ ದೀಕ್ಷಾಸ್ನಾನದ ನಕಲೇ ಆ ಗಂಟಿನಲ್ಲಿರುತ್ತದೆ. ಅಂದರೆ ಚರ್ಚಿನ ಬಾಗಿಲು ತಟ್ಟದೆಯೇ 18ನೇ ಶತಮಾನಕ್ಕೆ ಕಾಲಿಟ್ಟ ಹಾಗೆ. ಮದುವೆ ಸಾಮಾನ್ಯವಾಗಿ ವಧುವಿನ ಊರಲ್ಲಿ ನಡೆಯುತ್ತಿತ್ತು. ರೊಸೇತೊದಲ್ಲಿ ಸಿಗದಿದ್ದರೆ ಅಕ್ಕಪಕ್ಕದ ಊರುಗಳ ಪುಸ್ತಕ ನೋಡಿ.

ಪುಟ ಓದುವುದು ಹೀಗೆ. 1820ರ ದಶಕದ ಹಾಳೆಯಲ್ಲಿ ಎರಡು ಕಲಂ. ಎಡಗಡೆ ಸಿಂದಾಕೊ, ಅಂದರೆ ಊರ ಮೇಯರ್, ಬರೆದುಕೊಂಡದ್ದು. ಬಲಗಡೆ ಪಾದ್ರಿ ತಿಳಿಸಿದ್ದು. ಮದುವೆಯ ಹಾಳೆಯಲ್ಲಿ ಎಡಕ್ಕಿರುವುದು ಬರೀ ಮದುವೆಯ ವಾಗ್ದಾನ. ಬಲಗಡೆ ಖಾಲಿಯಿದ್ದರೆ ಚರ್ಚಿನಲ್ಲಿ ಮದುವೆ ನಡೆದದ್ದು ಸಾಬೀತಾಗಿಲ್ಲ ಎಂದೇ ಲೆಕ್ಕ. ಇಸವಿಯನ್ನು ಅಕ್ಷರದಲ್ಲಿ ಬರೆಯುತ್ತಾರೆ. ತಿಂಗಳ ಜಾಗದಲ್ಲಿ ‘7ಬ್ರೆ’ ಕಂಡರೆ ಅದು ಜುಲೈ ಅಲ್ಲ, ಸೆಪ್ಟೆಂಬರ್, ‘8ಬ್ರೆ’ ಅಕ್ಟೋಬರ್. ಹೆಸರಿನ ಮುಂದೆ ‘ದಿ ಅಂತೋನಿಯೊ’ ಎಂದಿದ್ದರೆ ತಂದೆ ಬದುಕಿದ್ದಾನೆ, ‘ಫು ಅಂತೋನಿಯೊ’ ಎಂದಿದ್ದರೆ ತೀರಿದ್ದಾನೆ. ಈ ಎರಡಕ್ಷರದಿಂದಲೇ ಮರಣದ ಇಸವಿಯನ್ನು ಎರಡು ದಾಖಲೆಗಳ ನಡುವೆ ಕಟ್ಟಿಹಾಕಬಹುದು. ಹೆಂಗಸರು ಮದುವೆಯಾದರೂ ತವರಿನ ಹೆಸರಲ್ಲೇ ಇರುತ್ತಾರೆ, ಗಂಡನ ಹೆಸರಲ್ಲಿ ಹುಡುಕಬೇಡಿ.

ಹೆಚ್ಚು ಜನ ಮುಗ್ಗರಿಸುವುದು ಹೆಸರಿನಲ್ಲಿ. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿ. ನಾಲ್ವರು ಅಣ್ಣತಮ್ಮಂದಿರಿದ್ದರೆ ಒಂದೇ ವಯಸ್ಸಿನ ಆಸುಪಾಸಿನಲ್ಲಿ ಒಂದೇ ಹೆಸರಿನ ನಾಲ್ವರು ಹುಡುಗರು. ಮಗು ತೀರಿಕೊಂಡರೆ ಮುಂದಿನ ಮಗುವಿಗೂ ಅದೇ ಹೆಸರು. ಆದ್ದರಿಂದ ತಾಯಿಯ ಹೆಸರು ತಾಳೆಯಾಗದೆ ಯಾರನ್ನೂ ವಂಶವೃಕ್ಷಕ್ಕೆ ಸೇರಿಸಬೇಡಿ. ಮರಣಪತ್ರದ ವಯಸ್ಸನ್ನಂತೂ ನಂಬಲೇಬೇಡಿ, ಹೇಳುತ್ತಿದ್ದವರು ಹೆಚ್ಚಾಗಿ ನೆರೆಹೊರೆಯವರು.

ಕೊಮೂನೆಗೆ ಪತ್ರ ಬರೆಯುವುದು 20ನೇ ಶತಮಾನದ ದಾಖಲೆಗೆ ಸರಿ. ಇಟಾಲಿಯನ್‌ನಲ್ಲೇ, ಅರ್ಧ ಪುಟ ಸಾಕು: ಪೂರ್ಣ ಹೆಸರು, ನಿಖರ ಇಸವಿ, ತಂದೆತಾಯಿ ಹೆಸರು, ಕಾರಣ. ಜನನದ ‘ಎಸ್ತ್ರಾತ್ತೊ’, ಅಂದರೆ ದಾಖಲೆಯ ಸಾರಾಂಶ, ಕೇಳುವಾಗ ‘ಕೊನ್ ಪತೆರ್ನಿತಾ ಎ ಮತೆರ್ನಿತಾ’ ಎಂದು ಸೇರಿಸದಿದ್ದರೆ ತಂದೆತಾಯಿಯ ಹೆಸರೇ ಇಲ್ಲದ ಕಾಗದ ಬರುತ್ತದೆ. ಪೂರ್ತಿ ನಕಲು 70 ವರ್ಷ ದಾಟಿದ್ದಕ್ಕೆ ಸುಲಭ, ಈಚಿನದಕ್ಕೆ ಸಂಬಂಧ ತೋರಿಸಬೇಕು. 2025ರಿಂದ, ನೂರು ವರ್ಷಕ್ಕೂ ಹಳೆಯ, ಬೇರೆಯವರ ದಾಖಲೆಗೆ 300 ಯೂರೋವರೆಗೆ ಶುಲ್ಕ ಹಾಕಲು ಕೊಮೂನೆಗಳಿಗೆ ಅವಕಾಶವಿದೆ. ಪೋರ್ಟಲಿನಲ್ಲಿ ಪುಕ್ಕಟೆ ಸಿಗುವುದಕ್ಕೆ ಅರ್ಜಿ ಹಾಕುವ ಮುನ್ನ ಇದು ನೆನಪಿರಲಿ. ಕೊಮೂನೆಯಿಂದ ಮಾತ್ರ ಸಿಗುವ ಒಂದು ಒಳ್ಳೆಯ ಕಾಗದ ಹಳೆಯ ಕುಟುಂಬ ಪಟ್ಟಿ, ‘ಸ್ತಾತೊ ದಿ ಫಮೀಲ್ಯಾ ಸ್ತೊರಿಕೊ’. ಒಂದು ಮನೆಯ ಎಲ್ಲ ಮಕ್ಕಳೂ ಒಂದೇ ಹಾಳೆಯಲ್ಲಿ.

ಡಿಎನ್‌ಎ ಪರೀಕ್ಷೆ ಇಂಥ ಊರಿಗೆ ದುರ್ಬಲ. ತಲೆಮಾರುಗಳಿಂದ ಊರೊಳಗೇ ಮದುವೆ ನಡೆದಿರುವುದರಿಂದ ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ.

ಚರ್ಚಿನ ಪುಸ್ತಕಗಳು ಎಲ್ಲಕ್ಕಿಂತ ಆಳ. ದೀಕ್ಷಾಸ್ನಾನ, ಮದುವೆ ಬರೆದಿಡಬೇಕೆಂದು 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ ವಿಧಿಸಿತು. ಮರಣದ ದಾಖಲೆಯೂ ಮನೆಮನೆಯಲ್ಲಿದ್ದವರ ಹೆಸರು ಬರೆದ ‘ಆತ್ಮಗಳ ಪಟ್ಟಿ’ಯೂ 1614ರ ನಿಯಮದಿಂದ ಬಂದವು. ಭಾಷೆ ಲ್ಯಾಟಿನ್. ಪಾದ್ರಿಗೆ ಹಲವು ಊರುಗಳ ಹೊಣೆ ಇರಬಹುದು. ಕೆಲವು ತಿಂಗಳ ಮೊದಲೇ ಬರೆಯಿರಿ, ಈಸ್ಟರ್ ಮತ್ತು ಆಗಸ್ಟ್ ಬಿಟ್ಟು ದಿನ ಕೇಳಿ, ಪುಸ್ತಕಗಳು ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತ ಕ್ಷೇತ್ರದ, ಪತ್ರಾಗಾರಕ್ಕೆ ಹೋಗಿವೆಯೇ ಎಂದು ಅದೇ ಪತ್ರದಲ್ಲಿ ವಿಚಾರಿಸಿ. ಹೋದ ದಿನ ಚರ್ಚಿಗೊಂದು ಕಾಣಿಕೆ ಕೊಡಿ, ಫೋಟೊ ತೆಗೆಯುವ ಮೊದಲು ಅನುಮತಿ ಪಡೆಯಿರಿ. ಗೆದ್ದಲು, ತೇವ ತಿಂದು ಪುಸ್ತಕವೇ ಇಲ್ಲದಿದ್ದರೆ ಉಳಿದಿರುವುದು 1740ರ ದಶಕದ ‘ಕತಾಸ್ತೊ ಒಂಚ್ಯಾರಿಯೊ’, ನೇಪಲ್ಸ್ ರಾಜ್ಯದ ತೆರಿಗೆ ಲೆಕ್ಕ. ಮನೆಯ ಯಜಮಾನ, ಹೆಂಡತಿ, ಮಕ್ಕಳು, ಅವರ ವಯಸ್ಸು, ಹೊಲ, ದನಕರು ಎಲ್ಲವನ್ನೂ ಅದರಲ್ಲಿ ಎಣಿಸಿ ಬರೆದಿದ್ದಾರೆ. ಅದನ್ನು ಕೇಳಬೇಕಾದದ್ದು ನೇಪಲ್ಸ್‌ನ ರಾಜ್ಯ ಪತ್ರಾಗಾರದಲ್ಲಿ.