ಕಾಸರಗೋಡಿನಲ್ಲಿ ‘ರೈಲ್ ಟ್ರೇಲ್’ ಸೈಕಲ್ ಕ್ಯಾಂಪ್ ಅಂತ ಯಾರಾದರೂ ಕರೆದರೆ ದುಡ್ಡು ಕಟ್ಟಬೇಡಿ

ಅಕ್ಟೋಬರ್ ಬಂತೆಂದರೆ ವಾಟ್ಸಾಪ್‌ನಲ್ಲಿ ಆ ಪೋಸ್ಟರ್ ಮತ್ತೆ ಓಡಾಡಲು ಶುರುವಾಗುತ್ತದೆ. ಮಂಜೇಶ್ವರದಿಂದ ಬೇಕಲದವರೆಗೆ ರೈಲ್ ಟ್ರೇಲ್, ವೀಕೆಂಡ್ ಸೈಕಲ್ ಸವಾರಿ, ಕೋಟೆಯ ಬುಡದಲ್ಲಿ ಟೆಂಟ್, ಊಟ ಸೇರಿ ಇಷ್ಟು. ಚಿತ್ರದಲ್ಲಿ ಕೆಂಪು ಎಲೆ ಉದುರಿದ ಅಗಲವಾದ ದಾರಿ. ಅಕ್ಟೋಬರಿನಲ್ಲಿ ನಮ್ಮ ಊರು ಹಸಿರು ಕಕ್ಕುತ್ತಿರುತ್ತದೆ, ಅಲ್ವಾ? ಆ ಫೋಟೋ ಯಾವುದೋ ವಿದೇಶದ್ದು.

ಅಲ್ಲಿನ ಕಥೆ ಬೇರೆ. ರೈಲು ನಿಂತುಹೋದ ಹಳೇ ಮಾರ್ಗಗಳ ಹಳಿ ಕಿತ್ತು, ನಡೆಯಲು ಮತ್ತು ಸೈಕಲ್ ಹೊಡೆಯಲು ದಾರಿ ಮಾಡುತ್ತಾರೆ. ರೈಲ್ ಟ್ರೇಲ್ ಅಂದರೆ ಅದೇ. ರೈಲು ಕಡಿದಾದ ಏರು ಹತ್ತುವುದಿಲ್ಲ. ಹಾಗಾಗಿ ಆ ದಾರಿಗಳಲ್ಲಿ ಮಕ್ಕಳೂ ಏದುಸಿರಿಲ್ಲದೆ ಹೋಗಬಹುದು. ಒಳ್ಳೆಯ ಸಂಗತಿಯೇ. ಆದರೆ ಕಾಸರಗೋಡಿನಲ್ಲಿ ನಿಂತುಹೋದ ಮಾರ್ಗ ಎಲ್ಲಿದೆ? ಇರುವುದು ಮಂಗಳೂರು–ಶೋರನೂರು ಮಾರ್ಗ. ಜೋಡಿ ಹಳಿ, ಮೇಲೆ 25,000 ವೋಲ್ಟ್ ತಂತಿ, ಹಗಲು ರಾತ್ರಿ ರೈಲು. 2023ರಿಂದ ಜಿಲ್ಲೆಗೆ ವಂದೇ ಭಾರತ್ ಕೂಡ ಬಂದಿದೆ.

ಆ ಪೋಸ್ಟರ್ ನಂಬಿ ದುಡ್ಡು ಕಟ್ಟಿ ಹೋದ ನಮ್ಮ ಗುಂಪಿನಲ್ಲಿ ಮಂಗಳೂರಿನವರು, ಕುಂಬಳೆ ಕಡೆಯವರು, ಬೆಂಗಳೂರಿನಿಂದ ಬಂದವರು ಇದ್ದರು. ‘ಟ್ರೇಲ್ ಎಲ್ಲಿಂದ ಶುರು’ ಅಂತ ಕೇಳಿದರೆ ಆಯೋಜಕರು ‘ಲೊಕೇಶನ್ ಕಳಿಸ್ತೇವೆ’ ಎಂದಷ್ಟೇ ಹೇಳುತ್ತಿದ್ದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಬದಲಿಸಿ ಇನ್ನೊಂದು ಪೋಸ್ಟರ್ ಮಾಡುವುದು ಅವರಿಗೆ ಅರ್ಧ ಗಂಟೆಯ ಕೆಲಸ.

ಅವರ ಟ್ರೇಲ್ ಅಂದರೆ ಓಡುತ್ತಿರುವ ಹಳಿಯ ಪಕ್ಕದ ಕಾಲುದಾರಿ. ಜಲ್ಲಿ, ಮುಳ್ಳು, ಮಳೆಗೆ ಎದೆಮಟ್ಟ ಬೆಳೆದ ಹುಲ್ಲು. ಅಷ್ಟಾದರೆ ಪಂಕ್ಚರ್ ಹಾಕಿಕೊಂಡು ಮರೆತುಬಿಡಬಹುದಿತ್ತು. ಉಪ್ಪಳ ದಾಟಿ ಶಿರಿಯ ಹೊಳೆಯ ಹತ್ತಿರ ಬಂದಾಗ ಗೈಡ್ ಹುಡುಗ, ‘ಹೈವೇಗೆ ಹೋದ್ರೆ ಸುತ್ತು, ಇಲ್ಲೇ ಸೈಕಲ್ ತಳ್ಕೊಂಡು ದಾಟೋಣ’ ಎಂದ. ಇಲ್ಲೇ ಅಂದರೆ ರೈಲ್ವೆ ಸೇತುವೆಯ ಮೇಲೆ! ಅಲ್ಲಿ ಹಳಿ ನೋಡಿಕೊಳ್ಳುವವರು ನಡೆಯಲು ಇರುವ ಜಾಗಕ್ಕಿಂತ ನಮ್ಮ ಹ್ಯಾಂಡಲ್ಲೇ ಅಗಲ. ಮುಂದಿದ್ದ ಇಬ್ಬರು ಸೇತುವೆ ಏರಿಯೂ ಆಗಿತ್ತು. ಅಷ್ಟರಲ್ಲಿ ಒಬ್ಬ ಗ್ಯಾಂಗ್‌ಮನ್ ಕೂಗುತ್ತಾ ಓಡಿ ಬಂದರು. ‘ಇದು ಎಂತ ಮಾರಾಯ್ರೆ, ಸಾಯ್ಲಿಕ್ಕೆ ಬಂದದ್ದಾ?’ ಅವರಿಬ್ಬರೂ ಸೈಕಲ್ ಹಿಂದಕ್ಕೆ ಎಳೆದುಕೊಂಡು ಇಳಿದು ಸ್ವಲ್ಪ ಹೊತ್ತಿಗೇ ಒಂದು ಎಕ್ಸ್‌ಪ್ರೆಸ್ ಹೋಯಿತು. ಗಾಳಿಗೆ ನಾವು ನಿಂತಲ್ಲೇ ತೂರಾಡಿದೆವು. ಈಗಿನ ಎಲೆಕ್ಟ್ರಿಕ್ ರೈಲು ಹತ್ತಿರ ಬರುವವರೆಗೆ ಸದ್ದೇ ಗೊತ್ತಾಗುವುದಿಲ್ಲ. ಜೋಡಿ ಹಳಿಯಲ್ಲಿ ಒಂದು ರೈಲಿನ ಸದ್ದಿಗೆ ಕಿವಿ ಕೊಟ್ಟಿರುವಾಗ ಹಿಂದಿನಿಂದ ಇನ್ನೊಂದು ಬಂದಿರುತ್ತದೆ.

ಇದು ಅಪರಾಧವೂ ಹೌದು. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ರೈಲ್ವೆ ಜಾಗಕ್ಕೆ ಅಕ್ರಮವಾಗಿ ನುಗ್ಗಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೇಸು ಬೀಳುವುದು ಹಳಿ ಮೇಲೆ ಸಿಕ್ಕಿದವರ ಮೇಲೆ. ಪೋಸ್ಟರ್ ಮಾಡಿದವರು ಮನೆಯಲ್ಲಿ ಇರುತ್ತಾರೆ.

ಅಲ್ಲಿಂದ ಹೈವೇಯ ಸರ್ವಿಸ್ ರೋಡ್ ಹಿಡಿದು ಹೇಗೋ ಹೋದೆವು. ಲಾರಿ, ಧೂಳು, ಎದುರಿನಿಂದ ಬರುವ ಸ್ಕೂಟರ್. ಅದನ್ನು ಬಿಡಿ.

ಕೋಟೆಯ ಬುಡದಲ್ಲಿ ಟೆಂಟ್ ಎಂಬುದೂ ಬರೀ ಮಾತು. ಬೇಕಲ ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ಕೈಯಲ್ಲಿದೆ, ಸಂಜೆಗೆ ಬಾಗಿಲು ಹಾಕುತ್ತಾರೆ. ನಮಗೆ ಸಿಕ್ಕಿದ್ದು ಕಡಲ ಬದಿಯ ಒಂದು ತೆಂಗಿನ ತೋಟ. ಕಾಯಿ ತುಂಬಿದ ಮರಗಳ ಕೆಳಗೇ ಟೆಂಟ್ ಹೊಡೆದಿದ್ದರು. ತಲೆ ಎತ್ತಿ ನೋಡುವಷ್ಟು ಬುದ್ಧಿಯೂ ಇರಲಿಲ್ಲ.

ಕತ್ತಲಾಗುವ ಮೊದಲೇ ಗುಡುಗು ಶುರುವಾಯಿತು. ಕಾಸರಗೋಡಿನವರಿಗೆ ಇದು ಹೊಸತಲ್ಲ. ಅಕ್ಟೋಬರ್, ನವೆಂಬರಿನ ತುಲಾ ಮಳೆಯೆಂದರೆ ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಸಿಡಿಲು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಬಯಲಲ್ಲಿ ಇರಬೇಡಿ ಅಂತ ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಈ ಕಾಲದಲ್ಲಿ ಹೇಳುತ್ತಲೇ ಇರುತ್ತದೆ. ಮಿಂಚು ಕಂಡು ಮೂರು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಒಂದೇ ಕಿಲೋಮೀಟರ್ ದೂರ. ನಮಗೆ ಎಣಿಸಲು ಸಮಯವೇ ಸಿಗುತ್ತಿರಲಿಲ್ಲ. ಬಟ್ಟೆಯ ಟೆಂಟ್ ಸಿಡಿಲಿಗೆ ಅಡ್ಡಿಯೇ ಅಲ್ಲ, ಎತ್ತರದ ಮರದ ಬುಡವಂತೂ ಅತಿ ಅಪಾಯದ ಜಾಗ. ಗೈಡ್ ಜೀಪಿನಲ್ಲಿ ‘ಊಟ ತರ್ತೇನೆ’ ಎಂದು ಹೋದವನು ಆ ರಾತ್ರಿ ಬರಲೇ ಇಲ್ಲ. ಫೋನ್ ಸ್ವಿಚ್ ಆಫ್. ಕೊನೆಗೆ ತೋಟದ ಮನೆಯವರು ಟಾರ್ಚ್ ಹಿಡಿದು ಬಂದರು. ತಮ್ಮ ತೋಟದಲ್ಲಿ ಕ್ಯಾಂಪ್ ಇದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ! ಬೈಯುತ್ತಲೇ ಎಲ್ಲರನ್ನೂ ಮನೆಯೊಳಗೆ ಕರೆದು ಗಂಜಿ, ಉಪ್ಪಿನಕಾಯಿ ಕೊಟ್ಟರು.

ದುಡ್ಡು ವಾಪಸ್ ಕೇಳಿದರೆ ‘ಪ್ರಕೃತಿ ವಿಕೋಪಕ್ಕೆ ನಾವು ಹೊಣೆ ಅಲ್ಲ’ ಎಂಬ ಮೆಸೇಜ್ ಬಂತು. ಆಮೇಲೆ ಬ್ಲಾಕ್. ಹಣ ಹೋಗಿದ್ದು ಯಾರದೋ ಸ್ವಂತ ಯುಪಿಐ ನಂಬರಿಗೆ, ಬಿಲ್ ಇಲ್ಲ, ವಿಮೆ ಇಲ್ಲ.

ಸೈಕಲ್ ಕ್ಯಾಂಪ್ ಬೇಡ ಅನ್ನುತ್ತಿಲ್ಲ. ಮೊದಲು ಮ್ಯಾಪಿನಲ್ಲಿ ಪೂರ್ತಿ ದಾರಿ ಕೇಳಿ. ಹೊಳೆಗಳನ್ನು ಎಲ್ಲೆಲ್ಲಿ ದಾಟುವುದು ಎಂದು ಬೆರಳಿಟ್ಟು ಕೇಳಿ, ಮಂಜೇಶ್ವರದಿಂದ ಬೇಕಲಕ್ಕೆ ಹೊಳೆ ಒಂದೆರಡಲ್ಲ. ಜಾಗದ ಯಜಮಾನರ ಜೊತೆ ನೀವೇ ಮಾತಾಡಿ. ಡಿಸೆಂಬರ್, ಜನವರಿಯಲ್ಲಿ ಹೋದರೆ ಸಿಡಿಲಿನ ಕಾಟವೂ ಕಡಿಮೆ. ‘ವಾಪಸ್ ಬರುವಾಗ ಸೈಕಲನ್ನು ರೈಲಿಗೆ ಹಾಕ್ತೇವೆ’ ಎಂದರೆ ಯಾವ ಸ್ಟೇಷನ್ ಅಂತಲೂ ಕೇಳಿ. ಸೈಕಲ್ಲನ್ನು ಲಗೇಜ್ ಬುಕ್ ಮಾಡಿ ಬ್ರೇಕ್ ವ್ಯಾನಿಗೆ, ಅಂದರೆ ರೈಲಿನ ಲಗೇಜ್ ಡಬ್ಬಿಗೆ, ಹಾಕಬೇಕು, ರೈಲು ಒಂದು ನಿಮಿಷ ನಿಲ್ಲುವ ಸಣ್ಣ ಸ್ಟೇಷನ್ನಿನಲ್ಲಿ ಅದು ಆಗುವ ಕೆಲಸವಲ್ಲ. ನಾವು ಕೈಯಿಂದ ದುಡ್ಡು ಹಾಕಿ ಪಿಕಪ್ ಗಾಡಿ ಮಾಡಿಕೊಂಡು ಬಂದೆವು.